ಶ್ರುತಾಕ್ಷರ ಸಂಖ್ಯೆಯೂ 6700417 ಎಂಬ ಅವಿಭಾಜ್ಯವೂ

ಹಸ್ತಪ್ರತಿಗಳಲ್ಲಿ ಶಬ್ದದ ಪಾಠಕ್ಕಿಂತ ಅಂಕದ ಪಾಠವು ಬೇಗ ಕೆಡುತ್ತದೆ. ಶಬ್ದದಲ್ಲಿ ಒಂದು ಅಕ್ಷರ ತಪ್ಪಿದರೆ ವ್ಯಾಕರಣ, ಛಂದಸ್ಸು, ಅರ್ಥ ಇವು ಮೂರೂ ಸೇರಿ ತಪ್ಪನ್ನು ತೋರಿಸಿಕೊಡುತ್ತವೆ. ದೊಡ್ಡ ಸಂಖ್ಯೆಯೊಂದರಲ್ಲಿ ಐದರ ಬದಲು ನಾಲ್ಕು ಬಂದರೆ ವಾಕ್ಯವು ಮೊದಲಿನಂತೆಯೇ ನಡೆಯುತ್ತದೆ. ಓದುಗನಿಗೆ ಏನೂ ಅನುಮಾನ ಹುಟ್ಟುವುದಿಲ್ಲ. ಆದ್ದರಿಂದ ಸಿದ್ಧಾಂತಗ್ರಂಥಗಳಲ್ಲಿ ಬರುವ ಮಹಾಸಂಖ್ಯೆಗಳ ಪಾಠವನ್ನು ನಿರ್ಣಯಿಸಲು ಗಣಿತದ ಆಧಾರವೇ ಬೇಕಾಗುತ್ತದೆ. ದ್ರವ್ಯಶ್ರುತದ ಅಕ್ಷರಸಂಖ್ಯೆಯ ಒಳಗೆ ಅಡಗಿರುವ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಅಂತಹ ಆಧಾರವನ್ನು ಹೇಗೆ ಒದಗಿಸುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಸಂಖ್ಯೆಯ ಉತ್ಪತ್ತಿ

ಮೂಲಾಕ್ಷರಗಳು 64 ಎಂಬುದು ಆಗಮಜ್ಞರಿಗೆ ವಿದಿತವೇ ಇದೆ. ವ್ಯಂಜನಗಳು 33, ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಭೇದದಿಂದ 27, ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳೆಂಬ ಯೋಗವಾಹಗಳು 4. ಇವುಗಳ ಏಕಸಂಯೋಗ, ದ್ವಿಸಂಯೋಗ ಮೊದಲಾಗಿ 64 ಅಕ್ಷರಗಳ ಸಂಯೋಗದವರೆಗೆ ಆಗುವ ಸಮಸ್ತ ಭಂಗಗಳೇ ಶ್ರುತದ ಅಕ್ಷರಗಳು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ವಿರಲನ-ದೇಯ ಕ್ರಮದಿಂದ ಹೇಳಿದ್ದಾರೆ. 64ನ್ನು ಒಂದೊಂದಾಗಿ ವಿರಲಿಸಿ, ಪ್ರತಿಯೊಂದು ರೂಪದ ಮೇಲೆ ಎರಡನ್ನು ಇಟ್ಟು, ಎಲ್ಲವನ್ನೂ ಪರಸ್ಪರ ಗುಣಿಸಿ, ಬಂದ ರಾಶಿಯಲ್ಲಿ ಒಂದನ್ನು ಕಳೆಯಬೇಕು. ಪ್ರತಿ ಅಕ್ಷರಕ್ಕೂ ಇರುವಿಕೆ, ಇಲ್ಲದಿರುವಿಕೆ ಎಂಬ ಎರಡು ವಿಕಲ್ಪಗಳಿರುವುದರಿಂದ ಎರಡರ ಗುಣನ. ಯಾವ ಅಕ್ಷರವೂ ಇಲ್ಲದ ಒಂದು ಭಂಗವು ಅಕ್ಷರವಾಗದ ಕಾರಣ ರೂಪೋನತ್ವ. ಹೀಗೆ ದೊರೆಯುವುದು ಇಪ್ಪತ್ತು ಸ್ಥಾನಗಳ ಈ ಸಂಖ್ಯೆ:

18446744073709551615

ತ್ರಿಲೋಕಸಾರದಲ್ಲಿ ನಿರೂಪಿತವಾಗಿರುವ ದ್ವಿರೂಪವರ್ಗಧಾರೆಯಲ್ಲಿ ಇದರ ಸ್ಥಾನ ಸ್ಪಷ್ಟವಾಗಿದೆ. ಎರಡರ ವರ್ಗ 4, ಅದರ ವರ್ಗ 16, ಅದರ ವರ್ಗ 256. ಮುಂದಿನದು ಪಣ್ಣಟ್ಠಿ, ಅಂದರೆ 65536. ಅದರ ವರ್ಗ ಬಾದಾಲ, ಅಂದರೆ 4294967296. ಅದರ ವರ್ಗವೇ ಏಕಟ್ಠಿ, ಅಂದರೆ 18446744073709551616. ಈ ಹೆಸರುಗಳು ಆಯಾ ಸಂಖ್ಯೆಯ ಮೊದಲ ಎರಡು ಅಂಕಗಳನ್ನು ಸೂಚಿಸುತ್ತವೆ: ಅರವತ್ತೈದು, ನಲವತ್ತೆರಡು, ಒಂದು-ಎಂಟು. ಏಕಟ್ಠಿಯ ಅರ್ಧಚ್ಛೇದಗಳು 64, ವರ್ಗಶಲಾಕೆಗಳು 6. ಶ್ರುತಾಕ್ಷರ ಸಂಖ್ಯೆಯು ರೂಪೋನ ಏಕಟ್ಠಿ.

ರೂಪಾಧಿಕ ವರ್ಗಗಳ ಗುಣಾಕಾರ

ಒಂದು ವರ್ಗದಿಂದ ಒಂದನ್ನು ಕಳೆದರೆ ಉಳಿಯುವುದು ಅದರ ಮೂಲದ ರೂಪೋನ ಮತ್ತು ರೂಪಾಧಿಕ ರಾಶಿಗಳ ಗುಣಲಬ್ಧ. ಈ ನಿಯಮವನ್ನು ರೂಪೋನ ಏಕಟ್ಠಿಗೆ ಅನ್ವಯಿಸಿದರೆ ರೂಪೋನ ಬಾದಾಲ ಮತ್ತು ರೂಪಾಧಿಕ ಬಾದಾಲ ಎಂಬ ಎರಡು ಅಪವರ್ತನಗಳು ಬರುತ್ತವೆ. ರೂಪೋನ ಬಾದಾಲವನ್ನು ಮತ್ತೆ ಅದೇ ರೀತಿ ಒಡೆಯಬಹುದು. ಹೀಗೆ ಕೆಳಗಿಳಿಯುತ್ತ ಹೋದರೆ ಶ್ರುತಾಕ್ಷರ ಸಂಖ್ಯೆಯು ಎರಡು ಮತ್ತು ಧಾರೆಯ ಮೊದಲ ಐದು ವರ್ಗಗಳಿಗೆ ಒಂದೊಂದು ರೂಪವನ್ನು ಕೂಡಿಸಿದಾಗ ಬರುವ ರಾಶಿಗಳ ಗುಣಲಬ್ಧವೆಂದು ಕಂಡುಬರುತ್ತದೆ:

3 × 5 × 17 × 257 × 65537 × 4294967297

ಇವುಗಳಲ್ಲಿ ಮೊದಲ ಐದೂ ಅವಿಭಾಜ್ಯಗಳು. ಅಂದರೆ ಒಂದು ಮತ್ತು ತನ್ನನ್ನುಳಿದು ಬೇರೆ ಭಾಜಕವಿಲ್ಲದವು. ಈ ಐದರ ಗುಣಲಬ್ಧವೇ ರೂಪೋನ ಬಾದಾಲ, 4294967295. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಸುಮಾರಿಗೆ ಈ ಶ್ರೇಣಿಯ ಎಲ್ಲ ರಾಶಿಗಳೂ ಅವಿಭಾಜ್ಯಗಳೇ ಆಗಿರಬೇಕೆಂದು ಊಹಿಸಿದನು. 1732ರಲ್ಲಿ ಆಯ್ಲರ್ ಆರನೆಯ ರಾಶಿಯಲ್ಲಿ, ಅಂದರೆ ರೂಪಾಧಿಕ ಬಾದಾಲದಲ್ಲಿ, ಆ ಊಹೆ ಮುರಿದು ಬೀಳುವುದನ್ನು ತೋರಿಸಿದನು:

4294967297 = 641 × 6700417

641 ಭಾಜಕವೆಂಬುದಕ್ಕೆ ಸುಲಭವಾದ ಉಪಪತ್ತಿಯಿದೆ. 641 ಎಂದರೆ 5 × 128 + 1. ಅದೇ 641 ಎಂದರೆ 625 + 16 ಕೂಡ ಹೌದು. ಮೊದಲನೆಯ ರೂಪದಂತೆ, 5 × 128ನ್ನು 641ರಿಂದ ಭಾಗಿಸಿದರೆ ಋಣ ಒಂದು ಉಳಿಯುತ್ತದೆ. ಅದರ ಚತುರ್ಥ ಘಾತವಾದ 625 × 2²⁸ರಲ್ಲಿ ಧನ ಒಂದು ಉಳಿಯುತ್ತದೆ. ಎರಡನೆಯ ರೂಪದಂತೆ 625ರ ಸ್ಥಾನದಲ್ಲಿ ಋಣ 16ನ್ನು ಇಡಬಹುದು. ಆಗ ಋಣ 2³²ರ ಶೇಷ ಒಂದು ಎಂದಾಗುತ್ತದೆ. ಅಂದರೆ ಬಾದಾಲಕ್ಕೆ ಒಂದನ್ನು ಕೂಡಿಸಿದರೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಹೀಗೆ ಶ್ರುತಾಕ್ಷರ ಸಂಖ್ಯೆಗೆ ಒಟ್ಟು ಏಳು ಅವಿಭಾಜ್ಯ ಭಾಜಕಗಳು: 3, 5, 17, 257, 641, 65537, 6700417. ಒಂದೂ ಎರಡು ಸಲ ಬಂದಿಲ್ಲ. ಇವುಗಳಲ್ಲಿ ಅತಿ ದೊಡ್ಡದು ಅರವತ್ತೇಳು ಲಕ್ಷ ನಾಲ್ಕುನೂರ ಹದಿನೇಳು.

6700417ರ ಲಕ್ಷಣಗಳು

ಈ ಸಂಖ್ಯೆಯ ಮುಖ್ಯ ಲಕ್ಷಣವು 64 ಅರ್ಧಚ್ಛೇದಗಳೊಂದಿಗೆ ನೇರವಾಗಿ ಸಂಬಂಧಿಸಿದೆ. ಎರಡನ್ನು ಮತ್ತೆ ಮತ್ತೆ ದ್ವಿಗುಣಿಸುತ್ತ 2, 4, 8, 16 ಎಂದು ಹೋಗಿ, ಪ್ರತಿಯೊಂದನ್ನೂ 6700417ರಿಂದ ಭಾಗಿಸಿ ಶೇಷಗಳನ್ನು ಬರೆದರೆ, 32ನೆಯ ಸ್ಥಾನದಲ್ಲಿ ಶೇಷವು ಭಾಜಕಕ್ಕಿಂತ ಒಂದು ಕಡಮೆ, ಅಂದರೆ ಋಣ ಒಂದು. 64ನೆಯ ಸ್ಥಾನದಲ್ಲಿ ಧನ ಒಂದು. ಅಲ್ಲಿಂದ ಮುಂದೆ ಶೇಷಗಳು ಮೊದಲಿನಿಂದ ಆವರ್ತಿಸುತ್ತವೆ. ಆವರ್ತದ ಪ್ರಮಾಣ ಸರಿಯಾಗಿ 64, ಅದಕ್ಕಿಂತ ಕಡಮೆಯಲ್ಲ. ಭಾಜಕವು ಅರವತ್ತೇಳು ಲಕ್ಷಕ್ಕೂ ಮಿಕ್ಕಿದ್ದರೂ ಶೇಷಗಳ ಚಕ್ರ ಇಷ್ಟು ಚಿಕ್ಕದಾಗಿರುವುದು ಗಮನಾರ್ಹ.

ಇದರಿಂದ ಒಂದು ಫಲ ಉಂಟಾಗುತ್ತದೆ. ಎರಡನ್ನುಳಿದ ಯಾವುದೇ ಅವಿಭಾಜ್ಯದಿಂದ ಎರಡರ ಘಾತಗಳನ್ನು ಭಾಗಿಸಿದರೆ, ಘಾತವು ಆ ಅವಿಭಾಜ್ಯಕ್ಕಿಂತ ಒಂದು ಕಡಮೆಯಾದಾಗ ಶೇಷ ಒಂದಾಗುತ್ತದೆ ಎಂಬುದು ಫರ್ಮಾನ ಪ್ರಸಿದ್ಧ ಪ್ರಮೇಯ. ಆದ್ದರಿಂದ ರೂಪಾಧಿಕ ಬಾದಾಲದ ಯಾವ ಅವಿಭಾಜ್ಯ ಭಾಜಕದಿಂದಲೂ ಒಂದನ್ನು ಕಳೆದರೆ 64ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. 641ರಲ್ಲಿ 64 × 10 + 1. 6700417ರಲ್ಲಿ 64 × 104694 + 1. 1878ರಲ್ಲಿ ಲ್ಯುಕಾ ಎಂಬ ಗಣಿತಜ್ಞನು ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ, 64ರ ಬದಲು 128ರಿಂದಲೇ ಭಾಗವಾಗಬೇಕೆಂದು ತೋರಿಸಿದನು. 128 × 5 + 1 ಎಂದರೆ 641. 128 × 52347 + 1 ಎಂದರೆ 6700417.

ಈ ನಿಯಮವಿರುವುದರಿಂದ 6700417 ಅವಿಭಾಜ್ಯವೆಂಬುದನ್ನು ಲೇಖನಿ-ಕಾಗದಗಳಿಂದಲೇ ನಿಶ್ಚಯಿಸಬಹುದು. ಇದು ಅವಿಭಾಜ್ಯವಲ್ಲದಿದ್ದರೆ ಇದರ ಒಂದು ಅವಿಭಾಜ್ಯ ಭಾಜಕವು ಇದರ ವರ್ಗಮೂಲವನ್ನು ಮೀರಲಾರದು. ಆ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಆ ಭಾಜಕವು ರೂಪಾಧಿಕ ಬಾದಾಲಕ್ಕೂ ಭಾಜಕವಾಗುವುದರಿಂದ 128ರ ಗುಣಿತಕ್ಕಿಂತ ಒಂದು ಹೆಚ್ಚಿನದಾಗಿರಬೇಕು. 2588ರೊಳಗೆ ಅಂತಹ ಅವಿಭಾಜ್ಯಗಳು ಐದೇ: 257, 641, 769, 1153, 1409. ಇವುಗಳಿಂದ 6700417ನ್ನು ಭಾಗಿಸಿದರೆ ಕ್ರಮವಾಗಿ 170, 44, 120, 334, 622 ಶೇಷಗಳು ಉಳಿಯುತ್ತವೆ. ಯಾವುದರಿಂದಲೂ ನಿಶ್ಶೇಷ ಭಾಗವಿಲ್ಲ. ಆದ್ದರಿಂದ ಸಂಖ್ಯೆ ಅವಿಭಾಜ್ಯ. ನಿಯಮವಿಲ್ಲದಿದ್ದರೆ ನೂರಾರು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗುತ್ತಿತ್ತು.

ಇನ್ನೊಂದು ಲಕ್ಷಣವೂ ಇದೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯವು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ತೋರುತ್ತದೆ. 6700417 ಎಂಬುದು 2556ರ ವರ್ಗ ಮತ್ತು 409ರ ವರ್ಗಗಳ ಮೊತ್ತ. 641 ಎಂಬುದು 25 ಮತ್ತು 4ರ ವರ್ಗಗಳ ಮೊತ್ತ. ರೂಪಾಧಿಕ ಬಾದಾಲವಾದರೋ ಎರಡು ರೀತಿಯಲ್ಲಿ ತೋರುತ್ತದೆ: 65536 ಮತ್ತು 1ರ ವರ್ಗಗಳ ಮೊತ್ತವಾಗಿ ಒಮ್ಮೆ, 62264 ಮತ್ತು 20449ರ ವರ್ಗಗಳ ಮೊತ್ತವಾಗಿ ಇನ್ನೊಮ್ಮೆ. ಎರಡು ರೀತಿಯಲ್ಲಿ ತೋರುವ ರಾಶಿ ಅವಿಭಾಜ್ಯವಾಗಲಾರದು. ಹೀಗೆ ಭಾಗಾಕಾರವಿಲ್ಲದೆಯೂ ಫರ್ಮಾನ ಊಹೆ ಇಲ್ಲಿ ಸಲ್ಲದೆಂದು ಸಿದ್ಧವಾಗುತ್ತದೆ.

ಧಾರೆಯಲ್ಲಿ ಇನ್ನೂ ಒಂದು ಹೆಜ್ಜೆ ಮೇಲಕ್ಕೆ ಹೋದರೆ ರೂಪಾಧಿಕ ಏಕಟ್ಠಿ. 1880ರಲ್ಲಿ ಲಾಂಡ್ರಿ ಎಂಬವನು ಇದನ್ನು 274177 × 67280421310721 ಎಂದು ಒಡೆದನು. ರೂಪಾಧಿಕ ಪಣ್ಣಟ್ಠಿಯಾದ 65537ರ ಅನಂತರ ಈ ಶ್ರೇಣಿಯಲ್ಲಿ ಅವಿಭಾಜ್ಯವೆಂದು ಸಿದ್ಧವಾದ ರಾಶಿ ಇದುವರೆಗೆ ಒಂದೂ ದೊರೆತಿಲ್ಲ.

ಪಾಠಪರೀಕ್ಷೆಯಲ್ಲಿ ಉಪಯೋಗ

ಜೀವಕಾಂಡದ ಗಾಹೆಯು ಶ್ರುತಾಕ್ಷರ ಸಂಖ್ಯೆಯ ಅಂಕಗಳನ್ನು ದೊಡ್ಡ ಸ್ಥಾನದಿಂದ ಆರಂಭಿಸಿ ಶಬ್ದಗಳಿಂದ ಹೇಳುತ್ತದೆ. ಲಿಪಿಕಾರನು ಎಡವಬಹುದಾದ ಸ್ಥಳಗಳು ಅಲ್ಲಿ ಹಲವಿವೆ. ನಾಲ್ಕು ಎಂಬ ಅಂಕ ನಾಲ್ಕು ಸಲ, ಎರಡೆರಡು ಜೊತೆಯಾಗಿ ಬರುತ್ತದೆ. ಅದನ್ನು ಹೇಳಲು ಬಳಸಿರುವ ಹ್ರಸ್ವರೂಪ ‘ಚ’. ಸಮುಚ್ಚಯವನ್ನು ಹೇಳುವ ಅವ್ಯಯವೂ ‘ಚ’ ಆಗಿರುವುದರಿಂದ ಒಂದನ್ನು ಇನ್ನೊಂದೆಂದು ಬಗೆಯುವುದು ಸುಲಭ. ಮೊದಲ 44ರಿಂದ ಎರಡನೆಯ 44ಕ್ಕೆ ಕಣ್ಣು ಹಾರಿದರೆ ನಡುವಿನ ಅಂಕಗಳು ಲೋಪವಾಗುತ್ತವೆ. ಇಂತಹ ಲೋಪವನ್ನು ಸ್ಥಾನಗಳ ಎಣಿಕೆಯೇ ತೋರಿಸುತ್ತದೆ: ಇಪ್ಪತ್ತು ಇರಬೇಕು. ಆದರೆ ಸ್ಥಾನಗಳು ಇಪ್ಪತ್ತೇ ಇದ್ದು ಅಂಕವೊಂದು ಬದಲಾಗಿದ್ದರೆ, ಇಲ್ಲವೆ ಎರಡು ಅಂಕಗಳು ಹಿಂದುಮುಂದಾಗಿದ್ದರೆ ಎಣಿಕೆ ಸಹಾಯಕ್ಕೆ ಬಾರದು.

ಒಂಬತ್ತರ ಪರೀಕ್ಷೆ ಎಲ್ಲರಿಗೂ ಪರಿಚಿತವಾದದ್ದು. ಆದರೆ ಅದು ಅಂಕಗಳ ಮೊತ್ತವನ್ನು ಮಾತ್ರ ನೋಡುವುದರಿಂದ ಅಂಕಗಳು ಸ್ಥಾನ ಬದಲಿಸಿದ್ದನ್ನು ಕಾಣಲಾರದು. ಸೊನ್ನೆ ಮತ್ತು ಒಂಬತ್ತರ ವ್ಯತ್ಯಾಸವನ್ನೂ ಕಾಣದು. ಇಲ್ಲಿ 17 ಎಂಬ ಭಾಜಕ ಹೆಚ್ಚು ಸಮರ್ಥ. ಒಂದು ಅಂಕ ಬದಲಾದರೆ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸವು ಒಂದರಿಂದ ಒಂಬತ್ತರೊಳಗಿನ ಅಂಕವನ್ನು ಹತ್ತರ ಘಾತದಿಂದ ಗುಣಿಸಿದಷ್ಟು. ಅದು 17ರಿಂದ ಎಂದಿಗೂ ಭಾಗವಾಗದು. ಪಕ್ಕದ ಎರಡು ಅಂಕಗಳು ಅದಲುಬದಲಾದರೂ ಹಾಗೆಯೇ. ಅಲ್ಲಿ ಒಂಬತ್ತರ ಗುಣನವೊಂದು ಹೆಚ್ಚಾಗಿ ಸೇರುತ್ತದೆ, ಅಷ್ಟೆ. ಆದ್ದರಿಂದ ಇಂತಹ ಒಂದೇ ಒಂದು ದೋಷವಿರುವ ಪಾಠವು 17ರ ಪರೀಕ್ಷೆಯಲ್ಲಿ ಸಿಕ್ಕಿಬೀಳಲೇಬೇಕು. ಉದಾಹರಣೆಗೆ 18446744073709515615 ಎಂಬ ಪಾಠವನ್ನು ಕಲ್ಪಿಸಿಕೊಳ್ಳಬಹುದು. ಇಲ್ಲಿ 51ರ ಸ್ಥಾನದಲ್ಲಿ 15 ಬಂದಿದೆ. ಅಂಕಗಳ ಮೊತ್ತ ಬದಲಾಗಿಲ್ಲ. 3 ಮತ್ತು 5ರಿಂದ ಭಾಗವೂ ಆಗುತ್ತದೆ. ಆದರೆ 17ರಿಂದ ಭಾಗಿಸಿದರೆ 6 ಉಳಿಯುತ್ತದೆ. ಪಾಠ ಅಶುದ್ಧ. ಹದಿನಾರು ಸ್ಥಾನಗಳ ಅಂತರದಲ್ಲಿರುವ ಅಂಕಗಳು ಅದಲುಬದಲಾದರೆ ಮಾತ್ರ 17 ಸುಮ್ಮನಿರುತ್ತದೆ. ಅಲ್ಲಿ 257 ಅದನ್ನು ಹಿಡಿಯುತ್ತದೆ.

ಒಂದಕ್ಕಿಂತ ಹೆಚ್ಚು ದೋಷಗಳು ಕೂಡಿದಾಗ ಚಿಕ್ಕ ಭಾಜಕಗಳು ಮೋಸಹೋಗಬಹುದು. ಶುದ್ಧ ಸಂಖ್ಯೆಗೆ ರೂಪೋನ ಬಾದಾಲವನ್ನು ಕೂಡಿಸಿದರೆ ಬರುವ ಅಶುದ್ಧ ಸಂಖ್ಯೆಯು 3, 5, 17, 257, 65537 ಈ ಐದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಅದನ್ನು ತಿರಸ್ಕರಿಸುವವು 641 ಮತ್ತು 6700417 ಮಾತ್ರ. ಏಳೂ ಭಾಜಕಗಳ ಪರೀಕ್ಷೆಯಲ್ಲಿ ಗೆದ್ದ ಸಂಖ್ಯೆಯಾದರೋ ಶ್ರುತಾಕ್ಷರ ಸಂಖ್ಯೆಯ ಗುಣಿತವೇ ಆಗಿರಬೇಕು. ಇಪ್ಪತ್ತು ಸ್ಥಾನಗಳಲ್ಲಿ ಅಂತಹವು ಐದು. ಒಂದರಿಂದ ಆರಂಭವಾಗುವುದು ಒಂದೇ. ಏಕಟ್ಠಿ ಎಂಬ ಹೆಸರೇ ಮೊದಲ ಅಂಕಗಳನ್ನು ಹೇಳುವುದರಿಂದ ಪಾಠದಲ್ಲಿ ಇನ್ನು ಸಂಶಯಕ್ಕೆ ಎಡೆಯಿಲ್ಲ.

ಪರಂಪರೆಯ ಪರೀಕ್ಷೆಯೊಂದಿಗೆ ತುಲನೆ

ಎರಡನ್ನು ಅರವತ್ತನಾಲ್ಕು ಸಲ ಗುಣಿಸಿದರೆ ಸಂಖ್ಯೆ ದೊರೆಯುವಾಗ ಈ ಭಾಜಕಗಳೇಕೆ ಎಂದು ಕೇಳಬಹುದು. ಪುನರ್ಗಣನೆ ಶುದ್ಧ ಸಂಖ್ಯೆಯನ್ನು ಕೊಡುತ್ತದೆ, ನಿಜ. ಆದರೆ ಗಣನೆ ಮಾಡುವವನೂ ಎಡವಬಹುದು. ಹಾಗೆ ದೊರೆತ ಸಂಖ್ಯೆಗೂ ಬೇರೊಂದು ಸಾಕ್ಷಿ ಬೇಕು.

ಗ್ರಂಥವು ತಾನೇ ಒಂದು ಸಾಕ್ಷಿಯನ್ನು ಕೊಟ್ಟಿದೆ. ಒಂದು ಮಧ್ಯಮಪದದ ಅಕ್ಷರಗಳು 16348307888. ಶ್ರುತಾಕ್ಷರ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಭಾಗಲಬ್ಧವಾದ 1128358005 ಅಂಗಪ್ರವಿಷ್ಟದ ಪದಗಳ ಸಂಖ್ಯೆ; ಶೇಷವಾದ 80108175 ಅಂಗಬಾಹ್ಯದ ಅಕ್ಷರಗಳ ಸಂಖ್ಯೆ. ಗುಣಿಸಿ ಕೂಡಿಸಿದರೆ ಲೆಕ್ಕ ಕೊನೆಯ ಅಂಕದವರೆಗೂ ಸರಿಹೊಂದುತ್ತದೆ. ನಾಲ್ಕು ಸಂಖ್ಯೆಗಳು ಪರಸ್ಪರ ಕಾವಲಾಗಿ ನಿಂತಿವೆ ಎನ್ನಬಹುದು. ಆದರೆ ಯಾವುದೋ ಒಂದು ಪ್ರತಿಯಲ್ಲಿ ಲೆಕ್ಕ ಹೊಂದದಿದ್ದರೆ, ನಾಲ್ಕರಲ್ಲಿ ಕೆಟ್ಟದ್ದು ಯಾವುದು ಎಂಬುದನ್ನು ಈ ಪರೀಕ್ಷೆ ಹೇಳಲಾರದು. ಅವಿಭಾಜ್ಯಗಳ ಪರೀಕ್ಷೆಯು ಶ್ರುತಾಕ್ಷರ ಸಂಖ್ಯೆಯೊಂದನ್ನೇ ಪ್ರತ್ಯೇಕವಾಗಿ ನಿರ್ಣಯಿಸುತ್ತದೆ. ಅದು ಶುದ್ಧವೆಂದಾದರೆ ದೋಷವನ್ನು ಉಳಿದ ಮೂರರಲ್ಲಿ ಹುಡುಕಬೇಕು. ಎರಡು ಪರೀಕ್ಷೆಗಳೂ ಒಂದಕ್ಕೊಂದು ಪೂರಕ.

ಪರ್ಯಾಪ್ತ ಮನುಷ್ಯರ ಸಂಖ್ಯೆಗೂ ಇದೇ ಕ್ರಮ ಸಲ್ಲುತ್ತದೆ. ಅದು ಏಕಟ್ಠಿಯನ್ನು ಬಾದಾಲದಿಂದ ಗುಣಿಸಿದ ರಾಶಿ; 29 ಸ್ಥಾನಗಳು:

79228162514264337593543950336

ಜೀವಕಾಂಡವು ಇದನ್ನು ಕಟಪಯಾದಿ ಸಂಕೇತದಿಂದ, ಬಿಡಿಸ್ಥಾನದಿಂದ ಆರಂಭಿಸಿ ಹೇಳಿದೆ. ಕನ್ನಡ ಲಿಪಿಯ ಪ್ರತಿಗಳಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು. ಮಕಾರ-ವಕಾರಗಳು ಆಕಾರದಲ್ಲಿ ಹತ್ತಿರ. ಸಂಕೇತದಲ್ಲಿ ಮಕಾರ ಐದು, ವಕಾರ ನಾಲ್ಕು. ಧಕಾರ ಒಂಬತ್ತು, ದಕಾರ ಎಂಟು. ಈ ಸಂಖ್ಯೆಯು ಏಳು ಅವಿಭಾಜ್ಯಗಳಲ್ಲಿ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು. ಆದರೆ ಶೇಷಗಳು ನಿಯತವಾಗಿವೆ. 3, 5, 17, 257, 65537 ಇವುಗಳಿಂದ ಭಾಗಿಸಿದರೆ ಒಂದು ಉಳಿಯಬೇಕು. 641 ಮತ್ತು 6700417ರಲ್ಲಿ ಏಕಟ್ಠಿಯ ಶೇಷ ಧನ ಒಂದು, ಬಾದಾಲದ ಶೇಷ ಋಣ ಒಂದು. ಆದ್ದರಿಂದ ಗುಣಲಬ್ಧದ ಶೇಷ ಋಣ ಒಂದು, ಅಂದರೆ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಈ ಎರಡರಿಂದಲೂ ನಿಶ್ಶೇಷ ಭಾಗ. ಗಾಹೆಯ ಐದನೆಯ ಅಕ್ಷರವಾದ ಮಕಾರವನ್ನು ವಕಾರವೆಂದು ಓದಿದರೆ ಸಂಖ್ಯೆ ಹತ್ತುಸಾವಿರ ಕಡಮೆಯಾಗುತ್ತದೆ. ಆಗ 17ರಲ್ಲಿ ಒಂದರ ಬದಲು 14 ಉಳಿಯುತ್ತದೆ. ಒಂದು ಕೊಂಕಿನ ವ್ಯತ್ಯಾಸ ಹೀಗೆ ಬಯಲಾಗುತ್ತದೆ.

ಎರಡು ಎಚ್ಚರಿಕೆಗಳು

ಈ ಅವಿಭಾಜ್ಯಗಳನ್ನು ಪ್ರಾಚೀನ ಆಚಾರ್ಯರು ಎಣಿಸಿದ್ದರೆಂದು ಹೇಳುವುದಕ್ಕೆ ಮೇಲಿನ ವಿವೇಚನೆ ಆಧಾರವಾಗದು. ವರ್ಗಧಾರೆ, ಅರ್ಧಚ್ಛೇದ, ವರ್ಗಶಲಾಕೆ, ವಿರಲನ-ದೇಯ ಇವು ಆಚಾರ್ಯರ ಸ್ವಂತ ಸಾಧನಗಳು. ಅವುಗಳ ಹಿರಿಮೆಗೆ ಅಷ್ಟೇ ಸಾಕು. ರೂಪಾಧಿಕ ಬಾದಾಲವನ್ನು ಒಡೆದ ಕೀರ್ತಿ ಆಯ್ಲರನದು. ಒಂದೇ ಧಾರೆಯ ರಾಶಿಗಳನ್ನು ಇಬ್ಬರೂ ಬೇರೆ ಬೇರೆ ಪ್ರಯೋಜನಕ್ಕಾಗಿ ನೋಡಿದರು. ಒಬ್ಬರು ಕಂಡದ್ದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು ಸಂಶೋಧನೆಯ ಧರ್ಮವಲ್ಲ.

ಎರಡನೆಯದು ಸಂಪಾದನೆಗೆ ಸಂಬಂಧಿಸಿದ್ದು. ಪರೀಕ್ಷೆಯಲ್ಲಿ ಸೋತ ಪಾಠವನ್ನು ತಿದ್ದಿ, ಮೂಲದಲ್ಲಿದ್ದುದನ್ನು ಅಳಿಸಿಬಿಡಬಾರದು. ಶುದ್ಧ ಸಂಖ್ಯೆಯನ್ನು ಮೇಲೆ ಕೊಟ್ಟು, ಪ್ರತಿಯಲ್ಲಿದ್ದ ಅಂಕಗಳನ್ನು ಪಾಠಾಂತರವಾಗಿ ಅಡಿಯಲ್ಲಿ ಹಾಗೆಯೇ ದಾಖಲಿಸಬೇಕು. ಶುದ್ಧಪಾಠವನ್ನು ಯಾವ ಲಿಪಿಕಾರನೂ ಸ್ವತಂತ್ರವಾಗಿ ಎಣಿಸಿ ಬರೆಯಬಹುದು. ಆದ್ದರಿಂದ ಎರಡು ಪ್ರತಿಗಳು ಶುದ್ಧಪಾಠದಲ್ಲಿ ಒಪ್ಪಿದರೆ ಅವುಗಳ ಸಂಬಂಧ ತಿಳಿಯದು. ಅದೇ ಎರಡು ಪ್ರತಿಗಳಲ್ಲಿ ಅದೇ ಸ್ಥಾನದಲ್ಲಿ ಅದೇ ತಪ್ಪು ಅಂಕ ಕಂಡುಬಂದರೆ, ಅವು ಒಂದೇ ಮಾತೃಕೆಯಿಂದ ಇಳಿದವೆಂದು ಊಹಿಸಲು ಬಲವಾದ ಕಾರಣ ದೊರೆಯುತ್ತದೆ. 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ರಚಿಸಿದ ಜೀವತತ್ತ್ವಪ್ರದೀಪಿಕೆಯಂತಹ ಟೀಕೆಗಳ ಪ್ರತಿಗಳನ್ನು ತುಲನೆ ಮಾಡುವಾಗ ಈ ಮಾತನ್ನು ನೆನಪಿನಲ್ಲಿಡಬೇಕು. 17, 257, 6700417 ಎಂಬ ಭಾಜಕಗಳು ತಪ್ಪು ಇದೆಯೆಂದು ತಿಳಿಸುತ್ತವೆ. ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದನ್ನು ಆ ತಪ್ಪು ಅಂಕವೇ ಹೇಳಬೇಕು.